ತವರು ತಂಡದಲ್ಲಿ ಜಾಗವಿಲ್ಲ ಅಂದಾಗ

2025ರ ಜನವರಿ 18, ಶನಿವಾರ. ಕ್ರಿಕೆಟ್ ಹುಚ್ಚಿರುವವರಿಗೆ ಆ ದಿನ ಎರಡು ಕಡೆ ಕಣ್ಣು. ಮುಂಬೈನಲ್ಲಿ ಚಾಂಪಿಯನ್ಸ್ ಟ್ರೋಫಿಗೆ ಭಾರತ ತಂಡ ಪ್ರಕಟವಾಗುವುದಿತ್ತು. ವಡೋದರದಲ್ಲಿ ಕರ್ನಾಟಕ ಮತ್ತು ವಿದರ್ಭದ ನಡುವೆ ವಿಜಯ್ ಹಜಾರೆ ಟ್ರೋಫಿಯ ಫೈನಲ್ ನಡೆಯುತ್ತಿತ್ತು. ಎರಡೂ ಕಡೆ ಕೇಳಿಬರುತ್ತಿದ್ದ ಹೆಸರು ಒಂದೇ, ಕರುಣ್ ನಾಯರ್. ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟು, ಭಾರತದ ಪರ ಟೆಸ್ಟ್ ತ್ರಿಶತಕ ಹೊಡೆದ ಈ ಬ್ಯಾಟರ್ ಅಂದು ಕರ್ನಾಟಕದ ಎದುರಾಳಿ ತಂಡದ ನಾಯಕ.

ಎರಡೂ ಕಡೆ ಅವರಿಗೆ ಸಿಹಿ ಸುದ್ದಿ ಸಿಗಲಿಲ್ಲ. ಭಾರತ ತಂಡದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇಷ್ಟು ದೊಡ್ಡ ಸರಾಸರಿ ಇರುವವರನ್ನು ಕಡೆಗಣಿಸಲಾಗದು, ಆದರೆ 15 ಜನರಲ್ಲಿ ಜಾಗ ಹುಡುಕುವುದು ಕಷ್ಟ ಎಂಬರ್ಥದ ಮಾತನ್ನು ಆಯ್ಕೆ ಸಮಿತಿ ಅಧ್ಯಕ್ಷ ಅಜಿತ್ ಅಗರ್ಕರ್ ಹೇಳಿದರು. ಇತ್ತ ವಡೋದರದಲ್ಲಿ ಕರ್ನಾಟಕ 348 ರನ್ ಪೇರಿಸಿತು. ನಮ್ಮ ಹುಡುಗ ಆರ್. ಸ್ಮರಣ್ ಶತಕ ಹೊಡೆದರು. ಬೆನ್ನಟ್ಟಲು ಬಂದ ಕರುಣ್, 27 ರನ್ ಆಗಿದ್ದಾಗ ಪ್ರಸಿದ್ಧ್ ಕೃಷ್ಣ ಎಸೆತಕ್ಕೆ ಬೌಲ್ಡ್ ಆದರು. ವಿದರ್ಭ 36 ರನ್‌ಗಳಿಂದ ಸೋತಿತು. ಕಪ್ಪು ಕರ್ನಾಟಕಕ್ಕೆ ಬಂತು.

ಹಾಸ್ಟೆಲ್‌ನಲ್ಲಿ ಐದಾರು ಜನ ಒಂದೇ ಮೊಬೈಲ್‌ಗೆ ಮುಗಿಬಿದ್ದು ಆ ಪಂದ್ಯ ನೋಡಿದೆವು. ತರೀಕೆರೆಯ ನನ್ನ ಗೆಳತಿ ನಡುವೆ ಒಂದು ಪ್ರಶ್ನೆ ಎಸೆದಳು: 'ಅಲ್ಲ ಕಣೇ, ನಮ್ಮೋನೇ ನಮ್ಮೋರ ಮೇಲೆ ಆಡ್ತಿದಾನೆ. ಈಗ ಯಾರಿಗೆ ಸಪೋರ್ಟ್ ಮಾಡೋದು?' ಇನ್ನೊಬ್ಬಳು ತಟ್ಟನೆ, 'ಬಿಟ್ಟು ಹೋದೋನು ನಮ್ಮೋನು ಹೆಂಗಾಗ್ತಾನೆ?' ಅಂದಳು. ಈ ಲೇಖನ ಹುಟ್ಟಿದ್ದು ಆ ಎರಡನೇ ಮಾತಿನಿಂದ.

ಯಾಕೆಂದರೆ ಬಿಟ್ಟು ಬಂದವರ ಗುಂಪಿಗೆ ನಾನೂ ಸೇರಿದವಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ಬಿ.ಇ.ಗೆ ನೇರವಾಗಿ ಎರಡನೇ ವರ್ಷಕ್ಕೆ ಬಂದವಳು. ಕಾಲೇಜಿನ ಭಾಷೆಯಲ್ಲಿ 'ಲ್ಯಾಟರಲ್'. ತರಗತಿಯಲ್ಲಿ ಎಲ್ಲರಿಗೂ ಆಗಲೇ ಗೆಳೆಯರಿರುತ್ತಾರೆ, ಲ್ಯಾಬ್ ಬ್ಯಾಚ್‌ಗಳು ಆಗಿಹೋಗಿರುತ್ತವೆ, ಮೇಷ್ಟ್ರು 'ಹೋದ ವರ್ಷ ಓದಿದ್ದೀರಲ್ಲ' ಎಂದು ಗಣಿತದ ಪಾಠವನ್ನು ಅರ್ಧದಿಂದ ಶುರು ಮಾಡುತ್ತಾರೆ. ನೀವು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, ಇವರೆಲ್ಲ ಯಾವ ಭಾಷೆ ಮಾತನಾಡುತ್ತಿದ್ದಾರೆ ಎಂದು ನೋಡುತ್ತಿರುತ್ತೀರಿ. ಹಾಗಾಗಿ ನಡುವೆ ತಂಡ ಬದಲಿಸಿದವರ ಕಥೆ ನನಗೆ ಬರೀ ಕ್ರೀಡಾಪುಟದ ಸುದ್ದಿಯಾಗಿ ಕಾಣುವುದಿಲ್ಲ.

ಕರುಣ್ ಅವರ ಕಥೆಯನ್ನು ಮೊದಲಿನಿಂದ ಹೇಳಬೇಕು. ಹುಟ್ಟಿದ್ದು 1991ರ ಡಿಸೆಂಬರ್‌ನಲ್ಲಿ, ರಾಜಸ್ಥಾನದ ಜೋಧಪುರದಲ್ಲಿ. ಕುಟುಂಬ ಕೇರಳ ಮೂಲದ್ದು. ಬೆಳೆದದ್ದು, ಬ್ಯಾಟ್ ಹಿಡಿಯಲು ಕಲಿತದ್ದು ಬೆಂಗಳೂರಿನಲ್ಲಿ. 2013-14ರಲ್ಲಿ ರಣಜಿಗೆ ಕಾಲಿಟ್ಟ ವರ್ಷವೇ ಸತತ ಮೂರು ಪಂದ್ಯಗಳಲ್ಲಿ ಶತಕ ಹೊಡೆದರು. ಕರ್ನಾಟಕ ಆ ವರ್ಷ ರಣಜಿ ಗೆದ್ದಿತು. ಮರುವರ್ಷ, 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಫೈನಲ್. 84 ರನ್‌ಗೆ ಐದು ವಿಕೆಟ್ ಬಿದ್ದಿತ್ತು. ಅಲ್ಲಿಂದ ಕರುಣ್ 328 ರನ್ ಹೊಡೆದರು. ಜೊತೆಗೆ ಕೆ.ಎಲ್. ರಾಹುಲ್ 188, ದಾವಣಗೆರೆಯ ನಾಯಕ ವಿನಯ್ ಕುಮಾರ್ ಅಜೇಯ 105. ಕರ್ನಾಟಕ 762 ರನ್ ಮಾಡಿ, ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತು. ರಣಜಿ ಫೈನಲ್‌ನಲ್ಲಿ ಗುಲ್ ಮೊಹಮ್ಮದ್ ಅವರು 1947ರಲ್ಲಿ ಹೊಡೆದಿದ್ದ 319 ರನ್‌ಗಳ ದಾಖಲೆ ಅಂದು ಮುರಿಯಿತು.

2016ರ ಡಿಸೆಂಬರ್‌ನಲ್ಲಿ ಚೆನ್ನೈ. ಇಂಗ್ಲೆಂಡ್ ಎದುರು ತಮ್ಮ ಮೂರನೇ ಟೆಸ್ಟ್ ಆಡುತ್ತಿದ್ದ ಕರುಣ್ 381 ಎಸೆತಗಳಲ್ಲಿ ಅಜೇಯ 303. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಭಾರತದ ಪರ ಟೆಸ್ಟ್ ತ್ರಿಶತಕ ಹೊಡೆದವರು ಇವರೊಬ್ಬರೇ. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕ ಮಾಡಿದವರು ಅದಕ್ಕೂ ಮುಂಚೆ ಜಗತ್ತಿನಲ್ಲಿ ಇಬ್ಬರೇ ಇದ್ದರು: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಇಂಥ ಇನಿಂಗ್ಸ್ ಆಡಿದ ಮೇಲೆ ಹತ್ತು ವರ್ಷ ಭದ್ರ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಮುಂದಿನ ಟೆಸ್ಟ್‌ನಲ್ಲೇ ಅವರು ಹೊರಗೆ ಕೂತರು. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಬಂದರು. ಆಮೇಲೆ ಆಸ್ಟ್ರೇಲಿಯಾ ಎದುರು ಕೆಲವು ಪಂದ್ಯ, ಅಲ್ಲಿ ದೊಡ್ಡ ರನ್ ಬರಲಿಲ್ಲ. 2017ರ ಮಾರ್ಚ್‌ನ ಧರ್ಮಶಾಲಾ ಟೆಸ್ಟ್ ಮುಗಿದ ಮೇಲೆ ಬಾಗಿಲು ಮುಚ್ಚಿತು. 2018ರಲ್ಲಿ ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರು, ಆಡಿಸಲಿಲ್ಲ. ಓವಲ್‌ನಲ್ಲಿ ಜಾಗ ಖಾಲಿಯಾದಾಗ ಹನುಮ ವಿಹಾರಿಗೆ ಟೋಪಿ ಕೊಟ್ಟರು.

ಕ್ರಮೇಣ ಕರ್ನಾಟಕದ ಪರವೂ ರನ್ ಬತ್ತಿತು. 2022-23ರ ಋತುವಿನಲ್ಲಿ ರಾಜ್ಯ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ. ಆಯ್ಕೆಗಾರರನ್ನು ಬೈಯುವುದು ಸುಲಭ. ಆದರೆ ಕರ್ನಾಟಕದಲ್ಲಿ ಬ್ಯಾಟರ್‌ಗಳಿಗೆ ಯಾವತ್ತೂ ಬರವಿಲ್ಲ; ದೇವದತ್ತ ಪಡಿಕ್ಕಲ್ ಅವರಂಥ ಎಡಗೈ ಆಟಗಾರರು ಬಾಗಿಲು ತಟ್ಟುತ್ತಿದ್ದಾಗ, ಎರಡು ಮೂರು ವರ್ಷ ಸಾಧಾರಣವಾಗಿ ಆಡಿದ ಮೂವತ್ತು ದಾಟಿದವರನ್ನು ಹೊರಗಿಟ್ಟರು. ಬೇರೆ ಯಾರ ಹೆಸರಿದ್ದರೂ ನಾವೂ ಅದನ್ನೇ ಸರಿ ಅನ್ನುತ್ತಿದ್ದೆವೇನೋ. ಆ ವರ್ಷ ಡಿಸೆಂಬರ್ 10ರಂದು ಕರುಣ್ ಟ್ವಿಟರ್‌ನಲ್ಲಿ ಒಂದು ಸಾಲು ಬರೆದರು: ಪ್ರೀತಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು. ಎಲ್ಲರಿಗೂ ನೆನಪಿರುವುದು ಆ ಸಾಲು. ಜನ ಅದನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅದರ ನಂತರ ಅವರು ಮಾಡಿದ ಕೆಲಸ. ಕ್ರಿಕೆಟ್ ತಾನಾಗಿ ಬಂದು ಅವಕಾಶ ಕೊಡಲಿಲ್ಲ. ಅವಕಾಶ ಎಲ್ಲಿದೆ ಎಂದು ಅವರು ಹುಡುಕಿಕೊಂಡು ಹೋದರು.

ಹೋದದ್ದು ನಾಗಪುರಕ್ಕೆ. ದೇಶೀಯ ಕ್ರಿಕೆಟ್‌ನಲ್ಲಿ ರಾಜ್ಯ ಬದಲಿಸಲು ಒಂದು ದಾರಿ ಇದೆ. ತವರಿನ ಕ್ರಿಕೆಟ್ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಅನ್ನುವ ಎನ್‌ಒಸಿ ತೆಗೆದುಕೊಳ್ಳಬೇಕು. ಬೇರೆ ರಾಜ್ಯದ ತಂಡ ಅವರನ್ನು 'ಅತಿಥಿ ಆಟಗಾರ' ಎಂದು ಸೇರಿಸಿಕೊಳ್ಳಬಹುದು, ಒಂದು ತಂಡಕ್ಕೆ ಹೆಚ್ಚೆಂದರೆ ಮೂವರು. ನಮ್ಮಲ್ಲಿ ಕಾಲೇಜು ಬದಲಿಸುವಾಗ ಟಿ.ಸಿ.ಗೆ, ಎನ್‌ಒಸಿಗೆ ಅಲೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ. ವ್ಯತ್ಯಾಸವೆಂದರೆ, ಅತಿಥಿ ಎಂದು ಕರೆಸಿಕೊಂಡವರು ಸುಮ್ಮನೆ ಕೂತು ಊಟ ಮಾಡಿ ಬರುವಂತಿಲ್ಲ. ಅಲ್ಲಿನ ಒಬ್ಬ ಹುಡುಗನ ಜಾಗ ತೆಗೆದುಕೊಂಡಿರುತ್ತಾರೆ. ಅವನಿಗಿಂತ ಎರಡು ಪಟ್ಟು ರನ್ ಹೊಡೆಯಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಕರೆಯುವುದಿಲ್ಲ.

ವಿದರ್ಭ ಇಂಥ ಅತಿಥಿಗಳನ್ನು ಚೆನ್ನಾಗಿ ಬಳಸಿಕೊಂಡ ತಂಡ. ಮುಂಬೈನ ವಾಸಿಂ ಜಾಫರ್ ಅಲ್ಲಿಗೆ ಹೋಗಿ, 2018-19ರಲ್ಲಿ ನಲವತ್ತು ದಾಟಿದ ವಯಸ್ಸಿನಲ್ಲಿ ಒಂದೇ ರಣಜಿ ಋತುವಿನಲ್ಲಿ 1,037 ರನ್ ಹೊಡೆದರು. ದಾವಣಗೆರೆಯಲ್ಲಿ ಹುಟ್ಟಿದ, ಕರ್ನಾಟಕಕ್ಕೆ ಆಡಿದ್ದ ಗಣೇಶ್ ಸತೀಶ್ ಕೂಡ ಹಾಗೆ ಹೋದವರೇ. 2017-18 ಮತ್ತು 2018-19ರಲ್ಲಿ ವಿದರ್ಭ ಸತತ ಎರಡು ಸಲ ರಣಜಿ ಗೆದ್ದಾಗ ಇವರಿಬ್ಬರೂ ತಂಡದಲ್ಲಿದ್ದರು. ಅಜ್ಜಂಪುರದಿಂದ ದಾವಣಗೆರೆ ಎಷ್ಟು ದೂರ ಹೇಳಿ? ನಮ್ಮ ಪಕ್ಕದ ಊರಿನವರು ಎರಡು ಸಲ ರಣಜಿ ಗೆದ್ದ ತಂಡದಲ್ಲಿದ್ದ ಸಂಗತಿ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಬೇರೆ ರಾಜ್ಯಕ್ಕೆ ಹೋದ ಮೇಲೆ ನಾವು ಅವರ ಸ್ಕೋರ್ ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ.

ಹೊಸ ತಂಡಕ್ಕೆ ಹೋದ ಕೂಡಲೇ ದಾಖಲೆಗಳು ಬರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಅದಕ್ಕೂ ಮೊದಲು, 2023ರ ಸೆಪ್ಟೆಂಬರ್‌ನಲ್ಲಿ ಕರುಣ್ ಇಂಗ್ಲೆಂಡ್‌ನ ನಾರ್ಥಾಂಪ್ಟನ್‌ಶೈರ್ ಕೌಂಟಿ ತಂಡಕ್ಕೆ ಕೆಲವೇ ಪಂದ್ಯ ಆಡಲು ಹೋಗಿ ಸರ್ರೆ ಎದುರು 150 ಹೊಡೆದಿದ್ದರು. ಆಮೇಲೆ ವಿದರ್ಭದಲ್ಲಿ ಮೊದಲ ರಣಜಿ ಋತು: 17 ಇನಿಂಗ್ಸ್‌ಗಳಲ್ಲಿ 690 ರನ್, ಸರಾಸರಿ 40ರ ಆಸುಪಾಸು. ಒಳ್ಳೆಯ ಅಂಕಿಗಳೇ, ಆದರೆ ಯಾರೂ ಬೆಚ್ಚಿಬೀಳುವಂಥವಲ್ಲ. 2024ರ ಫೆಬ್ರುವರಿಯಲ್ಲಿ ನಾಗಪುರದಲ್ಲಿ ನಡೆದ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾಳಿ ಕರ್ನಾಟಕವೇ. ಕರುಣ್ 90 ಹೊಡೆದರು, ವಿದರ್ಭ 127 ರನ್‌ಗಳಿಂದ ಗೆದ್ದಿತು, ನಾವು ಮನೆಗೆ ಬಂದೆವು. ಫೈನಲ್‌ನಲ್ಲಿ ಮುಂಬೈ ಎದುರು ನಾಲ್ಕನೇ ಇನಿಂಗ್ಸ್‌ನಲ್ಲಿ 74 ಹೊಡೆದರೂ ತಂಡ ಸೋತಿತು.

ಈ 'ಮೊದಲ ವರ್ಷ ಸಾಧಾರಣ, ಎರಡನೇ ವರ್ಷ ಸ್ಫೋಟ' ಎನ್ನುವುದು ಬೇರೆ ಕಡೆಯೂ ಕಾಣುತ್ತದೆ. ಅಮೆರಿಕದಲ್ಲಿ ಕಾಲೇಜು ತಂಡಗಳ ಫುಟ್‌ಬಾಲ್ ಅಂದರೆ ನಮ್ಮ ಐಪಿಎಲ್‌ನಷ್ಟೇ ಗದ್ದಲ. ಕೈಯಲ್ಲಿ ಚೆಂಡು ಹಿಡಿದು ಎಸೆಯುವ ಆ ಆಟದಲ್ಲಿ ಇಡೀ ತಂಡವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಜೋ ಬರೋ ಎಂಬ ಹುಡುಗ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬದಲಿ ಆಟಗಾರನಾಗಿ ಬೆಂಚು ಕಾಯುತ್ತಿದ್ದ. ಪದವಿ ಮುಗಿಸಿಕೊಂಡು, 2018ರಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವರ್ಗವಾದ. ಮೊದಲ ಋತುವಿನಲ್ಲಿ ಅವನ ಎಸೆತಗಳಿಂದ ಬಂದ ಟಚ್‌ಡೌನ್ 16. ಎರಡನೇ ಋತುವಿನಲ್ಲಿ 60! ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಕಾಲೇಜು ಆಟಗಾರರಿಗೆ ಸಿಗುವ ಅತಿದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ ಅವನಿಗೆ ಬಂತು. 60ರ ಆ ದಾಖಲೆಯನ್ನು ಎರಡು ವರ್ಷಗಳ ನಂತರ 62 ಮಾಡಿ ಮುರಿದ ಬೇಲಿ ಜ್ಯಾಪಿ ಕೂಡ ಸಣ್ಣ ಕಾಲೇಜೊಂದರಿಂದ ವರ್ಗವಾಗಿ ಬಂದವನೇ. ಆ ದೇಶದಲ್ಲಿ 2018ರಿಂದ ಇದಕ್ಕೆಂದೇ 'ಟ್ರಾನ್ಸ್‌ಫರ್ ಪೋರ್ಟಲ್' ಇದೆ. ಆಟಗಾರ ಅದರಲ್ಲಿ ಹೆಸರು ಹಾಕಿದರೆ ಬೇರೆ ಕಾಲೇಜಿನವರು ನೇರವಾಗಿ ಮಾತನಾಡಬಹುದು. ಬಿಟ್ಟು ಹೋಗುವವನನ್ನು ಅಲ್ಲಿಯೂ ಬೈಯುವ ಅಭಿಮಾನಿಗಳಿದ್ದಾರೆ, ಅದು ಬೇರೆ ಮಾತು.

ಕರುಣ್ ಅವರ ಎರಡನೇ ವರ್ಷ ಹೇಗಿತ್ತು ನೋಡಿ. 2024-25ರ ವಿಜಯ್ ಹಜಾರೆ ಟೂರ್ನಿಗೆ ವಿದರ್ಭ ಅವರನ್ನೇ ನಾಯಕನನ್ನಾಗಿ ಮಾಡಿತು. ಜಮ್ಮು-ಕಾಶ್ಮೀರದ ಎದುರು ಅಜೇಯ 112, ಛತ್ತೀಸಗಢದ ಎದುರು ಅಜೇಯ 44, ಚಂಡೀಗಢದ ಎದುರು ಅಜೇಯ 163, ತಮಿಳುನಾಡಿನ ಎದುರು ಅಜೇಯ 111. ಬ್ಯಾಟಿಂಗ್ ಸರಾಸರಿ ಅಂದರೆ ಹೊಡೆದ ರನ್ನನ್ನು ಔಟಾದ ಸಂಖ್ಯೆಯಿಂದ ಭಾಗಿಸುವುದು. ನಾಲ್ಕು ಇನಿಂಗ್ಸ್ ಮುಗಿದಾಗ 430 ರನ್, ಔಟಾದದ್ದು ಸೊನ್ನೆ ಸಲ. ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ ಎಂದು ಎಂಜಿನಿಯರಿಂಗ್ ಹುಡುಗರನ್ನು ಕೇಳಬೇಡಿ, ಕ್ಯಾಲ್ಕುಲೇಟರ್ ಕೂಡ 'ಎರರ್' ಅನ್ನುತ್ತದೆ! ಐದನೇ ಇನಿಂಗ್ಸ್‌ನಲ್ಲಿ ಉತ್ತರಪ್ರದೇಶದ ಎದುರು 112 ಮಾಡಿ ಕೊನೆಗೂ ಔಟಾದರು. ಅಷ್ಟರಲ್ಲಿ ಔಟಾಗದೆ 542 ರನ್. ಲಿಸ್ಟ್ 'ಎ' ಕ್ರಿಕೆಟ್‌ನಲ್ಲಿ ಇದು ವಿಶ್ವದಾಖಲೆ. ಹಿಂದಿನದು ನ್ಯೂಜಿಲೆಂಡ್‌ನ ಜೇಮ್ಸ್ ಫ್ರಾಂಕ್ಲಿನ್ ಅವರ 527. ಕ್ವಾರ್ಟರ್ ಫೈನಲ್‌ನಲ್ಲಿ ರಾಜಸ್ಥಾನದ ಎದುರು ಅಜೇಯ 122, ಸೆಮಿಫೈನಲ್‌ನಲ್ಲಿ ಮಹಾರಾಷ್ಟ್ರದ ಎದುರು ಅಜೇಯ 88. ಫೈನಲ್‌ಗೆ ಬರುವಾಗ 752 ರನ್, ಸರಾಸರಿಯೂ 752. ಅಗರ್ಕರ್ ಹೇಳಿದ್ದು ಆ ಸರಾಸರಿಯ ಬಗ್ಗೆಯೇ. ಫೈನಲ್‌ನ 27 ಸೇರಿ ಒಟ್ಟು 779, ಐದು ಶತಕ.

ಸೋತ ಫೈನಲ್‌ನ ಬೇಸರ ಆರುವ ಮೊದಲೇ ರಣಜಿಯ ಉಳಿದ ಪಂದ್ಯಗಳು. ಫೆಬ್ರುವರಿ ಕೊನೆಯಲ್ಲಿ ನಾಗಪುರದ ಜಾಮ್ಠಾದಲ್ಲಿ ಫೈನಲ್, ಎದುರಾಳಿ ಕೇರಳ. 24 ರನ್‌ಗೆ ಮೂರು ವಿಕೆಟ್ ಹೋಗಿದ್ದಾಗ ಕರುಣ್, ಇಪ್ಪತ್ತೊಂದು ವರ್ಷದ ದಾನಿಶ್ ಮಾಲೆವಾರ್ ಜೊತೆ ನಿಂತು 215 ರನ್ ಸೇರಿಸಿದರು. 86ಕ್ಕೆ ರನೌಟ್. ಎರಡನೇ ಇನಿಂಗ್ಸ್‌ನಲ್ಲಿ 135. ಶತಕ ಬಂದಾಗ ಒಂಬತ್ತು ಬೆರಳು ಎತ್ತಿ ತೋರಿಸಿದರು: ಆ ಋತುವಿನಲ್ಲಿ ಎರಡೂ ಟೂರ್ನಿ ಸೇರಿ ಒಂಬತ್ತನೇ ಶತಕ. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ವಿದರ್ಭ ಮೂರನೇ ಸಲ ರಣಜಿ ಗೆದ್ದಿತು. ರಣಜಿಯಲ್ಲಿ ಕರುಣ್ ಅವರದು 863 ರನ್.

ಇಲ್ಲಿ ನನ್ನ ಹಾಸ್ಟೆಲ್ ಗೆಳತಿಯ ವಾದಕ್ಕೆ ಒಂದು ಒಳ್ಳೆಯ ಅಂಶ ಇದೆ, ಅದನ್ನು ಬಿಟ್ಟರೆ ಅನ್ಯಾಯ. 'ಹೊರಗಿನೋರನ್ನ ಕರ್ಕೊಂಡು ಬಂದು ಗೆದ್ರೆ ಆ ಊರಿನ ಹುಡುಗರ ಗತಿ ಏನು?' ಎಂದು ಅವಳು ಕೇಳಿದ್ದಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಸ್ಕೋರ್‌ಕಾರ್ಡ್‌ಗಳನ್ನು ನೋಡಿದೆ. ಆ ರಣಜಿಯಲ್ಲಿ ವಿದರ್ಭದ ಪರ ಅತಿ ಹೆಚ್ಚು ರನ್ ಹೊಡೆದದ್ದು ಕರುಣ್ ಅಲ್ಲ, ಅಲ್ಲಿನವರೇ ಆದ ಯಶ್ ರಾಥೋಡ್, 960. ಹರ್ಷ್ ದುಬೆ 69 ವಿಕೆಟ್ ತೆಗೆದು ಒಂದು ರಣಜಿ ಋತುವಿನ ದಾಖಲೆ ಬರೆದರು. ಫೈನಲ್‌ನಲ್ಲಿ ಮಾಲೆವಾರ್ ಅವರದು 153. ಅತಿಥಿಯೊಬ್ಬ ಬಂದು ಅಡುಗೆಮನೆಯನ್ನೆಲ್ಲ ಹಿಡಿದುಕೊಳ್ಳಲಿಲ್ಲ, ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಾಯಿತು. ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ನಾನು ವಾದಿಸುವುದಿಲ್ಲ. ಈ ತಂಡದಲ್ಲಿ ಮಾತ್ರ ಹೀಗಾಯಿತು.

ಇನ್ನು 'ಬಿಟ್ಟು ಹೋದೋನು' ಎಂಬ ಮಾತು. ನಮ್ಮ ಭಾಗದವರು ಇದನ್ನು ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಹುಟ್ಟಿದವರಿಗೆ ಏನಾದರೂ ಆಗಬೇಕೆಂದರೆ ಬಿಟ್ಟು ಹೋಗುವುದೇ ಮೊದಲ ಪಾಠ. ಬೀರೂರಿನಲ್ಲಿ ರೈಲು ಕವಲೊಡೆಯುತ್ತದೆ: ಒಂದು ಹಳಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಎರಡರಲ್ಲೂ ಭಾನುವಾರ ಸಂಜೆ ನೋಡಿ, ಬ್ಯಾಗಿನ ತುಂಬ ಚಕ್ಕುಲಿ, ಉಪ್ಪಿನಕಾಯಿ ತುಂಬಿಕೊಂಡ ನಮ್ಮಂಥವರೇ ನಿಂತಿರುತ್ತೇವೆ.

ಕಡೂರಿನ ವೇದಾ ಕೃಷ್ಣಮೂರ್ತಿ ಕೂಡ ಹಾಗೆ ಹೊರಟವರೇ. 1992ರಲ್ಲಿ ಕಡೂರಿನಲ್ಲಿ ಹುಟ್ಟಿ, ಮೊದಲು ಕರಾಟೆ ಕಲಿತು, ಹದಿಮೂರರ ಆಸುಪಾಸಿನಲ್ಲಿ ಬೆಂಗಳೂರಿಗೆ ಹೋಗಿ ಇರ್ಫಾನ್ ಸೇಠ್ ಅವರ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಿದರು. ಕರುಣ್ ತಂಡ ಬದಲಿಸಿದ್ದು ಮೂವತ್ತು ದಾಟಿದ ಮೇಲೆ. ವೇದಾ ಅವರ ಮೊದಲ ವರ್ಗಾವಣೆ ಆದದ್ದು ನಾವು ಏಳು-ಎಂಟನೇ ಕ್ಲಾಸಿನಲ್ಲಿ ಓದುವ ವಯಸ್ಸಿನಲ್ಲಿ. ಆಗಿನ್ನೂ ಹೆಣ್ಣುಮಕ್ಕಳ ಕ್ರಿಕೆಟ್ ಟಿ.ವಿ.ಯಲ್ಲಿ ಬರುತ್ತಿದ್ದದ್ದೇ ಅಪರೂಪ. 2011ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಇಂಗ್ಲೆಂಡ್‌ನ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯ ಆಡಿ 51 ಹೊಡೆದರು. ಆರು ವರ್ಷದ ನಂತರ ಅದೇ ಡರ್ಬಿಯಲ್ಲಿ, 2017ರ ವಿಶ್ವಕಪ್‌ನಲ್ಲಿ, ಸೋತರೆ ಮನೆಗೆ ಎಂಬಂಥ ನ್ಯೂಜಿಲೆಂಡ್ ಪಂದ್ಯ. ಮಿಥಾಲಿ ರಾಜ್ ಶತಕ ಹೊಡೆಯುತ್ತಿದ್ದ ತುದಿಯ ಇನ್ನೊಂದು ಬದಿಯಲ್ಲಿ ವೇದಾ 45 ಎಸೆತಕ್ಕೆ 70. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್‌ಗೆ ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಕಡೂರು ಮತ್ತು ವಿಜಯಪುರ ಸೇರಿ ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದ ದಿನ ಅದು. ನನಗಾಗ ಹನ್ನೆರಡು ವರ್ಷವೂ ಆಗಿರಲಿಲ್ಲ. ಆದರೆ 'ಕಡೂರು ಹುಡ್ಗಿ ಕಣವ್ವಾ' ಎಂದು ಅಪ್ಪ ಟಿ.ವಿ. ಮುಂದೆ ಕೂಗಿ ಕರೆದದ್ದು ನೆನಪಿದೆ.

ವೇದಾ ಕೂಡ ಕರ್ನಾಟಕ ತಂಡ ಬಿಟ್ಟು ರೈಲ್ವೇಸ್‌ಗೆ ಆಡಿದವರು, ಮತ್ತೆ ಕರ್ನಾಟಕಕ್ಕೆ ಬಂದು ನಾಯಕಿಯಾದವರು. ಇದನ್ನು ಯಾರೂ ದ್ರೋಹ ಅನ್ನಲಿಲ್ಲ. ಹೆಣ್ಣುಮಕ್ಕಳ ದೇಶೀಯ ಕ್ರಿಕೆಟ್‌ನಲ್ಲಿ ರೈಲ್ವೇಸ್ ಅಷ್ಟು ಬಲಿಷ್ಠವಾಗಿದ್ದಕ್ಕೆ ಕಾರಣ ಸರಳ: ಅಲ್ಲಿ ಕ್ರೀಡಾ ಕೋಟಾದಡಿ ಕೆಲಸ ಸಿಗುತ್ತದೆ, ತಿಂಗಳ ಸಂಬಳ ಬರುತ್ತದೆ. ಮಿಥಾಲಿ ಅವರಂಥ ಆಟಗಾರ್ತಿಯರು ಬೇರೆ ಬೇರೆ ರಾಜ್ಯಗಳಿಂದ ಅಲ್ಲಿಗೆ ಬಂದು ಸೇರಿದರು. ಗಂಡುಮಕ್ಕಳಿಗೆ ಐಪಿಎಲ್ ಇದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ರೈಲ್ವೆ. ಆಡುತ್ತಲೇ ಕೆಲಸ ಹುಡುಕುತ್ತಿರುವ ನಮ್ಮ ಕಾಲೇಜಿನ ವಾಲಿಬಾಲ್, ಕಬಡ್ಡಿ ಹುಡುಗಿಯರು ಇದನ್ನು ಗಮನಿಸಬೇಕು: ಕ್ರೀಡಾ ಕೋಟಾದ ನೇಮಕಾತಿ ಪ್ರಕಟಣೆಗಳು ರೈಲ್ವೆಯಿಂದ ಈಗಲೂ ಬರುತ್ತಿವೆ, ವಿಶ್ವವಿದ್ಯಾಲಯ, ರಾಜ್ಯ ಮಟ್ಟದ ಪ್ರಮಾಣಪತ್ರಗಳನ್ನು ಟ್ರಂಕಿನ ತಳಕ್ಕೆ ಹಾಕಿ ಮರೆಯಬೇಡಿ. 2025ರ ಜುಲೈನಲ್ಲಿ ವೇದಾ ನಿವೃತ್ತಿ ಹೇಳಿದರು. 48 ಏಕದಿನ, 76 ಟಿ20. ಕೋವಿಡ್‌ನಲ್ಲಿ ತಾಯಿ ಮತ್ತು ಅಕ್ಕ ಇಬ್ಬರನ್ನೂ ಕಳೆದುಕೊಂಡ ಮೇಲೂ ಅವರು ಮೈದಾನಕ್ಕೆ ಮರಳಿದ್ದರು ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ.

ಕರುಣ್ ಕಥೆಗೆ ಸಿನಿಮಾದ ಕ್ಲೈಮ್ಯಾಕ್ಸ್ ಬೇಕೆಂದರೆ ರಣಜಿ ಫೈನಲ್‌ನ ಆ ಒಂಬತ್ತು ಬೆರಳುಗಳಿಗೇ ನಿಲ್ಲಿಸಬೇಕು. ಯೂಟ್ಯೂಬ್‌ನ ಪ್ರೇರಣಾ ವಿಡಿಯೊಗಳು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. ನನಗೆ ಅದರ ನಂತರದ ಭಾಗವೇ ಹೆಚ್ಚು ಉಪಯೋಗಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಪರ ಮುಂಬೈ ಎದುರು 40 ಎಸೆತಕ್ಕೆ 89. ಆಮೇಲೆ ಇಂಗ್ಲೆಂಡ್‌ನಲ್ಲಿ ಭಾರತ 'ಎ' ಪರ 204. ಜೂನ್ 20ರಂದು ಲೀಡ್ಸ್‌ನಲ್ಲಿ, ಎಂಟು ವರ್ಷದ ಮೇಲೆ, ಮತ್ತೆ ಭಾರತದ ಟೆಸ್ಟ್ ತಂಡದಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ನಾಲ್ಕು ಟೆಸ್ಟ್‌ಗಳಲ್ಲಿ ಒಟ್ಟು 205 ರನ್. ಪ್ರತಿ ಸಲ 20, 30, 40ರವರೆಗೆ ಚೆನ್ನಾಗಿ ಆಡಿ ಔಟಾಗುತ್ತಿದ್ದರು. ಭಾರತ ಆರು ರನ್‌ಗಳಿಂದ ಗೆದ್ದ ಓವಲ್ ಟೆಸ್ಟ್‌ನ ಮೊದಲ ದಿನ, ಬೌಲರ್‌ಗಳು ಮೆರೆಯುತ್ತಿದ್ದ ಪಿಚ್‌ನಲ್ಲಿ ಕಷ್ಟಪಟ್ಟು ಅರ್ಧಶತಕ ಮಾಡಿ, ಕೊನೆಗೆ 57ಕ್ಕೆ ಔಟಾದರು. ತ್ರಿಶತಕದ ಬಳಿಕ ಟೆಸ್ಟ್‌ನಲ್ಲಿ ಅವರು ಐವತ್ತು ದಾಟಿದ್ದು ಅದೇ ಮೊದಲು. ಸೆಪ್ಟೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಸರಣಿಗೆ ತಂಡ ಪ್ರಕಟವಾದಾಗ ಅವರು ಇರಲಿಲ್ಲ, ದೇವದತ್ತ ಪಡಿಕ್ಕಲ್ ಇದ್ದರು. ಕರುಣ್ ಅವರಿಂದ ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವು ಎಂದರು ಆಯ್ಕೆಗಾರರು. ಅಂಕಿ ನೋಡಿದರೆ ಆ ಮಾತು ತಪ್ಪಲ್ಲ. ಆದರೆ ಆ ಸರಣಿಯ ಪಿಚ್‌ಗಳಲ್ಲಿ 40 ರನ್ ಎಂದರೆ ಏನು ಎಂದು ಗೊತ್ತಿರುವವರಿಗೆ ಸ್ವಲ್ಪ ಹೊಟ್ಟೆ ಉರಿದಿದ್ದರೆ ಅದೂ ತಪ್ಪಲ್ಲ.

ಬಿ.ಇ. ಮುಗಿಸಿ ಬೆಂಗಳೂರಿನ ಪಿ.ಜಿ.ಯಲ್ಲಿ ಮೂರು ವರ್ಷದಿಂದ ಒಂದೇ ಪರೀಕ್ಷೆಗೆ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ಒಬ್ಬರಿದ್ದಾರೆ. ಈಚೆಗೆ ಒಂದು ಸಣ್ಣ ಕಂಪನಿಯಿಂದ, ಓದಿದ ವಿಷಯಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಕರೆ ಬಂತು. ಮನೆಯಲ್ಲಿ ದೊಡ್ಡಮ್ಮ, 'ಇಷ್ಟು ದಿನ ಕಾದು ಈಗ ಬಿಟ್ರೆ ಜನ ಏನಂತಾರೋ?' ಅಂದರು. ಅಣ್ಣ ನನಗೆ ಫೋನ್ ಮಾಡಿ, 'ನೀನೇನಂತೀಯವ್ವಾ?' ಎಂದು ಕೇಳಿದರು. ಕೇಳಿದ್ದು ಮೂರನೇ ವರ್ಷದ ಹುಡುಗಿಯನ್ನು, ನಾನೇನು ಹೇಳಲಿ? ಕರುಣ್ ಅವರ ಎರಡು ವರ್ಷಗಳ ಸ್ಕೋರ್ ಹೇಳಿದೆ. ಹೇಳುವಾಗ 779 ಮತ್ತು 863 ಜೊತೆಗೆ 690 ಮತ್ತು 205 ಕೂಡ ಹೇಳಿದೆ. ಮೊದಲ ಆರು ತಿಂಗಳು ಬಾಗಿಲ ಬಳಿಯ ಬೆಂಚೇ ಗತಿ ಎಂದೂ ಹೇಳಿದೆ, ಅದು ನನಗೆ ಗೊತ್ತಿರುವ ವಿಷಯ. ಅಣ್ಣ ನಕ್ಕು, 'ಬೆಂಚಾದ್ರೂ ಇರುತ್ತಲ್ಲ' ಅಂದರು. ಮುಂದಿನ ವಾರ ಸೇರಿಕೊಂಡರು. ಪರೀಕ್ಷೆಯ ಪುಸ್ತಕಗಳನ್ನು ಮಾರಿಲ್ಲ, ಜೊತೆಯಲ್ಲೇ ಇಟ್ಟುಕೊಂಡಿದ್ದಾರೆ.

2025-26ರ ಋತುವಿಗೆ ಕರುಣ್ ವಿದರ್ಭ ಬಿಟ್ಟು ಕರ್ನಾಟಕಕ್ಕೆ ಮರಳಿದರು. ಮತ್ತೆ ಎನ್‌ಒಸಿ, ಈ ಸಲ ಉಲ್ಟಾ ದಿಕ್ಕಿನಲ್ಲಿ. ಮೂರು ವರ್ಷ ಹಿಂದೆ ಜಾಗವಿಲ್ಲ ಅಂದಿದ್ದ ತಂಡ ಈಗ ಜಾಗ ಕೊಟ್ಟಿತು, ಅವರೂ ಮುನಿಸು ಇಟ್ಟುಕೊಳ್ಳದೆ ಬಂದರು. ಅಕ್ಟೋಬರ್ ಕೊನೆಯಲ್ಲಿ ಗೋವಾ ಎದುರು ರಣಜಿ ಪಂದ್ಯ ನಡೆದದ್ದು ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ, ತರೀಕೆರೆಯಿಂದ ಒಂದು ಗಂಟೆಯ ದಾರಿ. ಪ್ರಶ್ನೆ ಎಸೆದಿದ್ದ ಆ ತರೀಕೆರೆ ಗೆಳತಿ ಒಂದು ದಿನ ಕ್ಲಾಸಿಗೆ ಚಕ್ಕರ್ ಹೊಡೆದು ತಮ್ಮನ ಜೊತೆ ಹೋಗಿದ್ದಳು. ಕರ್ನಾಟಕದ ಮೊತ್ತ 371, ಅದರಲ್ಲಿ ಕರುಣ್ ಒಬ್ಬರದೇ ಅಜೇಯ 174. ಯಾರಿಗೆ ಸಪೋರ್ಟ್ ಮಾಡಬೇಕು ಎಂಬ ತಾಪತ್ರಯ ಅವಳಿಗೆ ಈ ಸಲ ಇರಲಿಲ್ಲ.

ಅದರ ಮುಂದಿನ ಪಂದ್ಯ ತಿರುವನಂತಪುರದಲ್ಲಿ, ಕೇರಳದ ಎದುರು. ಕರುಣ್ 233. ಜೊತೆಗೆ ನಿಂತು ಅಜೇಯ 220 ಹೊಡೆದವರು ಇಪ್ಪತ್ತೆರಡು ವರ್ಷದ ಸ್ಮರಣ್, ವಡೋದರದ ಫೈನಲ್‌ನಲ್ಲಿ ವಿದರ್ಭದ ಎದುರು ಶತಕ ಹೊಡೆದು ಕರುಣ್ ಕೈಯಿಂದ ಕಪ್ಪು ಕಸಿದಿದ್ದ ಅದೇ ಹುಡುಗ.